ಮೂಲೆ ಸೇರಿದ ಮೊಪೆಡ್ ಮತ್ತೆ ಓಡೀತೆ?

ನಮ್ಮ ಊರುಗಳಲ್ಲಿ ಹಿತ್ತಿಲ ಕಡೆ ಹೋಗಿ ನೋಡಿ. ಎಷ್ಟೋ ಮನೆಗಳ ಕೊಟ್ಟಿಗೆ ಮೂಲೆಯಲ್ಲಿ ಒಂದು ಹಳೆಯ ಮೊಪೆಡ್ ನಿಂತಿರುತ್ತದೆ. ಟಿವಿಎಸ್ 50 ಇರಬಹುದು. ಲೂನಾ ಇರಬಹುದು. ಸೀಟಿನ ಮೇಲೆ ಕೋಳಿ ಕೂತಿರುತ್ತದೆ. ಹ್ಯಾಂಡಲಿಗೆ ಹಳೇ ಚೀಲ ನೇತು ಹಾಕಿರುತ್ತೇವೆ. ಓಡಿಸುತ್ತಿದ್ದವರು ಹೊಸ ಗಾಡಿ ಕೊಂಡಿರುತ್ತಾರೆ. ಇಲ್ಲವೇ ಓಡಿಸುತ್ತಿದ್ದವರೇ ಈಗ ಇರುವುದಿಲ್ಲ.

ಒಂದು ದಿನ ಗುಜರಿಯವನು ಬರುತ್ತಾನೆ. "ಇದು ಸತ್ತ ಗಾಡಿ ಕಣಮ್ಮ, ತೂಕಕ್ಕೆ ಹಾಕಿಬಿಡಿ" ಅನ್ನುತ್ತಾನೆ. ನಾವೂ ಹೂಂ ಅನ್ನುತ್ತೇವೆ.

ಸ್ವಲ್ಪ ತಡೆಯಿರಿ ಅಕ್ಕ. ಓಡಿ ಓಡಿ ಸವೆದ ಗಾಡಿ ಬೇರೆ. ನಿಂತು ನಿಂತು ಕೆಟ್ಟ ಗಾಡಿ ಬೇರೆ. ಸುಮ್ಮನೆ ನಿಂತು ಕೆಟ್ಟ ಗಾಡಿ ಎಷ್ಟೋ ಸಲ ಸತ್ತಿರುವುದಿಲ್ಲ, ನಿದ್ದೆ ಮಾಡುತ್ತಿರುತ್ತದೆ. ಅದನ್ನು ಎಬ್ಬಿಸುವುದು ಹೇಗೆ ಅಂತ ನೋಡೋಣ.

ಈ ಗಾಡಿ ಯಾವಾಗ ಬಂತು?

ಲೂನಾ 1972ರಲ್ಲಿ ಬಂತು. ಪುಣೆಯ ಕೈನೆಟಿಕ್ ಕಂಪನಿಯವರು ಮಾಡಿದರು. ಟಿವಿಎಸ್ 50 ಬಂದದ್ದು 1980ರಲ್ಲಿ. ಅದು ತಯಾರಾದದ್ದು ನಮ್ಮ ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ. ಗೇರು ಹಾಕುವ ತಾಪತ್ರಯ ಇಲ್ಲ. ಭಾರವೂ ಕಡಿಮೆ. ಪೆಟ್ರೋಲ್ ಮುಗಿದರೆ ಸೈಕಲ್ಲಿನ ಹಾಗೆ ಪೆಡಲ್ ತುಳಿಯಬಹುದು. ಹಾಲಿನ ಕ್ಯಾನು, ಹೂವಿನ ಬುಟ್ಟಿ, ಹುಲ್ಲಿನ ಹೊರೆ ಎಲ್ಲವನ್ನೂ ಇದು ಹೊತ್ತಿದೆ.

ಇಂಜಿನ್ ಅಂದರೆ ಒಂದು ಒಲೆ

"ಇದೆಲ್ಲ ಗಂಡಸರ ಕೆಲಸ" ಅಂತ ಕೆಲವರು ಅನ್ನಬಹುದು. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವವರು ಯಾರು? ಪಂಪ್ ಸ್ಟೋವ್ ಇದ್ದ ಕಾಲದಲ್ಲಿ ಅದಕ್ಕೆ ಪಿನ್ನು ಹಾಕುತ್ತಿದ್ದವರು ಯಾರು? ನಾವೇ ಅಲ್ಲವೇ?

ಇಂಜಿನ್ ಕೂಡ ಒಂದು ಒಲೆಯೇ. ಒಲೆ ಉರಿಯಲು ಏನು ಬೇಕು? ಸೌದೆ ಬೇಕು, ಗಾಳಿ ಬೇಕು, ಬೆಂಕಿಕಡ್ಡಿ ಬೇಕು. ಇಂಜಿನ್ನಿಗೆ ಪೆಟ್ರೋಲೇ ಸೌದೆ. ಪ್ಲಗ್ಗಿನ ಕಿಡಿಯೇ ಬೆಂಕಿಕಡ್ಡಿ. ಪೆಟ್ರೋಲ್, ಗಾಳಿ ಎರಡನ್ನೂ ಹದವಾಗಿ ಬೆರೆಸಿ ಒಳಗೆ ಕಳಿಸುವುದು ಕಾರ್ಬುರೇಟರ್. ಈ ಮೂರರಲ್ಲಿ ಒಂದು ಕೈಕೊಟ್ಟರೂ ಗಾಡಿ ಹತ್ತುವುದಿಲ್ಲ. ಹಾಗಾಗಿ ನಾವು ಹುಡುಕಬೇಕಾದದ್ದು ಮೂರೇ ಸಂಗತಿ.

ಮೊದಲು ಎಚ್ಚರ

ಪೆಟ್ರೋಲ್ ಸೀಮೆಎಣ್ಣೆಯಂತಲ್ಲ. ಅದರ ಆವಿಗೇ ಬೆಂಕಿ ಹತ್ತುತ್ತದೆ. ಕೆಲಸವನ್ನು ಅಂಗಳದಲ್ಲಿ ಮಾಡಿ. ಒಲೆ, ದೀಪ, ಬೀಡಿ ಹತ್ತಿರ ಇರಬಾರದು. ಮಕ್ಕಳನ್ನು ದೂರ ಇಡಿ. ನೀರಿನ ಬಾಟಲಿಗೆ ಪೆಟ್ರೋಲ್ ತುಂಬಬೇಡಿ. ನೀರೆಂದು ಮಕ್ಕಳು ಕುಡಿದಾರು. ಪೈಪನ್ನು ಬಾಯಿಗೆ ಇಟ್ಟು ಪೆಟ್ರೋಲ್ ಎಳೆಯಬೇಡಿ. ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಕೆಲಸ ಶುರು ಮಾಡೋಣ

1. ಗೂಡು ನೋಡಿ. ಗಾಡಿಯನ್ನು ಬೆಳಕಿಗೆ ತನ್ನಿ. ಸೀಟಿನ ಕೆಳಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ. ಹಾವು, ಚೇಳು ಇರಬಹುದು. ಗಾಳಿ ಹೋಗುವ ಫಿಲ್ಟರಿನಲ್ಲಿ ಇಲಿ ಗೂಡು ಕಟ್ಟಿರಬಹುದು. ಸೈಲೆನ್ಸರ್ ಬಾಯಿಗೆ ಕಣಜದ ಹುಳ ಮಣ್ಣು ಮೆತ್ತಿರಬಹುದು. ಹೊಗೆ ಹೋಗಲು ದಾರಿ ಇಲ್ಲದ ಒಲೆ ಉರಿಯುತ್ತದೆಯೇ? ಗಾಡಿಯೂ ಹಾಗೇ. ಎರಡನ್ನೂ ಸ್ವಚ್ಛ ಮಾಡಿ.

2. ಇಂಜಿನ್ ತಿರುಗುತ್ತದೆಯೇ ನೋಡಿ. ಪ್ಲಗ್ಗನ್ನು ಬಿಚ್ಚಿ. ಆ ತೂತಿಗೆ ನಾಲ್ಕೈದು ಹನಿ 2ಟಿ ಆಯಿಲ್ ಬಿಡಿ. ಕಸ ಬೀಳದ ಹಾಗೆ ಬಟ್ಟೆ ಮುಚ್ಚಿ. ಒಂದು ರಾತ್ರಿ ಬಿಡಿ. ಮಾರನೆಯ ದಿನ ಪೆಡಲನ್ನು ಮೆಲ್ಲಗೆ ತಿರುಗಿಸಿ. ತೂತಿನಿಂದ ಎಣ್ಣೆ ಚಿಮ್ಮುತ್ತದೆ, ಮುಖ ಹಿಂದಿಡಿ. ಸಲೀಸಾಗಿ ತಿರುಗಿದರೆ ಅರ್ಧ ಚಿಂತೆ ಕಳೆಯಿತು. ತಿರುಗದಿದ್ದರೆ ಬಲ ಹಾಕಬೇಡಿ. ಇನ್ನೆರಡು ದಿನ ಎಣ್ಣೆ ಬಿಟ್ಟು ನೋಡಿ. ಆಗಲೂ ತಿರುಗದಿದ್ದರೆ ಮೆಕ್ಯಾನಿಕ್ ಬೇಕು.

3. ಹಳೇ ಪೆಟ್ರೋಲ್ ತೆಗೆಯಿರಿ. ಹಳೇ ಪೆಟ್ರೋಲ್ ಹಳಸಿದ ಅನ್ನದಂತೆ. ಅದರಿಂದ ಒಲೆ ಹತ್ತುವುದಿಲ್ಲ. ಅದು ಅಂಟಾಗಿ, ವಾರ್ನಿಷ್ ವಾಸನೆ ಬರುತ್ತಿರುತ್ತದೆ. ಟ್ಯಾಂಕಿನ ಪೈಪು ಬಿಚ್ಚಿ ಲೋಹದ ಡಬ್ಬಿಗೆ ಇಳಿಸಿ. ಚರಂಡಿಗೆ, ಬಾವಿ ಹತ್ತಿರ ಚೆಲ್ಲಬೇಡಿ. ಗ್ಯಾರೇಜಿನವರಿಗೆ ಕೊಡಿ.

ಟ್ಯಾಂಕಿನೊಳಗೆ ತುಕ್ಕು ಕಂಡರೆ ಟ್ಯಾಂಕನ್ನು ಬಿಚ್ಚಿ. ಸ್ವಲ್ಪ ಡೀಸೆಲ್ ಹಾಕಿ. ಜೊತೆಗೆ 20 ಸಣ್ಣ ನಟ್ಟುಗಳನ್ನು ಎಣಿಸಿ ಹಾಕಿ. ಚೆನ್ನಾಗಿ ಕುಲುಕಿ. ತುಕ್ಕು ಉದುರುತ್ತದೆ. ತೆಗೆಯುವಾಗಲೂ ಎಣಿಸಿ, 20 ಬಂತೇ? ಆಮೇಲೆ ಸ್ವಲ್ಪ ಹೊಸ ಪೆಟ್ರೋಲಿನಲ್ಲಿ ತೊಳೆದು ಚೆಲ್ಲದೆ ಡಬ್ಬಿಗೆ ತುಂಬಿ.

ಪೆಟ್ರೋಲ್ ಪೈಪು ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಈಗ ಬಂಕಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಸಿರುತ್ತಾರೆ. ನೂರರಲ್ಲಿ 20 ಪಾಲಿನವರೆಗೂ ಇರುತ್ತದೆ. ಇದನ್ನು ಕಬ್ಬು, ಜೋಳ, ಅಕ್ಕಿಯಿಂದ ತಯಾರಿಸುತ್ತಾರೆ. ಇದು ನೀರಿನ ಅಂಶವನ್ನು ಹೀರಿಕೊಳ್ಳುತ್ತದೆ. ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಆದ್ದರಿಂದ ಹಳೇ ಗಾಡಿಯ ಪೈಪನ್ನು ಆಗಾಗ ನೋಡುತ್ತಿರಬೇಕು.

4. ಕಾರ್ಬುರೇಟರ್ ತೊಳೆಯಿರಿ. ಬಹಳ ಗಾಡಿಗಳು ಹತ್ತದಿರುವುದು ಇಲ್ಲೇ. ಇದರ ಕೆಳಗೆ ಒಂದು ಸಣ್ಣ ಬಟ್ಟಲಿದೆ. ಬಟ್ಟಲಿನ ಮೇಲೆ ಜೆಟ್ ಎಂಬ ಹಿತ್ತಾಳೆ ತಿರುಪು ಇದೆ. ಅದರ ನಡುವೆ ಕೂದಲೆಳೆಯಂಥ ತೂತು. ಹಳೇ ಪೆಟ್ರೋಲಿನ ಅಂಟು ಈ ತೂತನ್ನೇ ಮುಚ್ಚುತ್ತದೆ.

ಸ್ಟೋವಿನ ನಿಪ್ಪಲ್ಲಿಗೆ ನಾವು ಪಿನ್ನು ಚುಚ್ಚುತ್ತಿದ್ದೆವು. ಜೆಟ್ಟಿಗೆ ಪಿನ್ನು, ಸೂಜಿ ಚುಚ್ಚಬಾರದು. ತೂತು ದೊಡ್ಡದಾದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಜೆಟ್ಟನ್ನು ಪೆಟ್ರೋಲಿನಲ್ಲಿ ನೆನೆಹಾಕಿ. ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ಬೆಳಕಿಗೆ ಹಿಡಿದು ನೋಡಿ. ತೂತಿನಾಚೆ ಬೆಳಕು ಕಂಡರೆ ಸರಿ.

ಬಿಚ್ಚಿದ ಸಾಮಾನುಗಳನ್ನು ಒಂದು ಮೊರದಲ್ಲಿ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಜೋಡಿಸುವಾಗ ಕೊನೆಯದರಿಂದ ಹಿಂದಕ್ಕೆ ಬನ್ನಿ.

5. ಕಿಡಿ ನೋಡಿ. ಈ ಗಾಡಿ ಹತ್ತಲು ಬ್ಯಾಟರಿ ಬೇಡ. ಇಂಜಿನ್ ತಿರುಗಿದಾಗ ಅದರಲ್ಲೇ ಕರೆಂಟು ಹುಟ್ಟುತ್ತದೆ, ಸೈಕಲ್ ಡೈನಮೋದಂತೆ. ಪ್ಲಗ್ಗಿನ ಮಸಿ ಒರೆಸಿ. ಹಳೆಯದಾಗಿದ್ದರೆ ಹೊಸ ಪ್ಲಗ್ಗು ತನ್ನಿ. ಟ್ಯಾಂಕು, ಪೆಟ್ರೋಲ್ ಡಬ್ಬಿ ದೂರ ಇಡಿ. ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ. ಕ್ಯಾಪನ್ನು ಹಿಡಿದು ಪ್ಲಗ್ಗಿನ ಲೋಹ ಇಂಜಿನ್ನಿಗೆ ತಗಲುವಂತೆ ಇಡಿ. ತೂತಿನಿಂದ ದೂರ ಇರಲಿ. ಲೋಹವನ್ನು ಮುಟ್ಟಬೇಡಿ, ಹೊಡೆಯುತ್ತದೆ. ಇನ್ನೊಬ್ಬರು ಪೆಡಲ್ ತುಳಿಯಲಿ. ನೆರಳಿನಲ್ಲಿ ನೀಲಿ ಕಿಡಿ ಕಂಡರೆ ಸರಿ. ಕಾಣದಿದ್ದರೆ ಮೆಕ್ಯಾನಿಕ್ಕಿಗೆ "ಪ್ಲಗ್ಗಿಗೆ ಕರೆಂಟು ಬರುತ್ತಿಲ್ಲ" ಅಂತ ನೇರವಾಗಿ ಹೇಳಿ.

6. ಟೈರು, ಬ್ರೇಕು ನೋಡಿ. ಗಾಡಿ ಓಡುವುದಕ್ಕಿಂತ ನಿಲ್ಲುವುದು ಮುಖ್ಯ. ಬ್ರೇಕಿನ ವೈರು ತುಕ್ಕು ಹಿಡಿದಿದ್ದರೆ ಬದಲಾಯಿಸಿ. ಟೈರು ಸೀಳು ಬಿಟ್ಟಿದ್ದರೆ ಗಾಳಿ ನಿಂತರೂ ನಂಬಬೇಡಿ. ಚೈನಿಗೆ ಎಣ್ಣೆ ಬಿಡಿ.

ಎಣ್ಣೆಯ ಲೆಕ್ಕ

ಟಿವಿಎಸ್ 50, ಲೂನಾದಂಥ ಹಳೇ ಗಾಡಿಗಳಿಗೆ ಬರೀ ಪೆಟ್ರೋಲ್ ಹಾಕಬಾರದು. ಜೊತೆಗೆ 2ಟಿ ಆಯಿಲ್ ಬೆರೆಸಬೇಕು. ಬೆರೆಸದಿದ್ದರೆ ಒಳಗಿನ ಪಿಸ್ಟನ್ ಉಜ್ಜಿ, ಕಾದು, ಕಚ್ಚಿಕೊಳ್ಳುತ್ತದೆ. 2015ರಲ್ಲಿ ಬಂದ ಎಕ್ಸ್‌ಎಲ್ 100 ಬೇರೆ ಜಾತಿಯದು. ಅದಕ್ಕೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸುವಂತಿಲ್ಲ.

ಸಾಮಾನ್ಯವಾಗಿ 1 ಲೀಟರ್ ಪೆಟ್ರೋಲಿಗೆ 20ರಿಂದ 40 ಮಿಲಿ ಎಣ್ಣೆ. ನಿಮ್ಮ ಗಾಡಿಗೆ ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿ ಓದಿ. ಔಷಧಿ ಬಾಟಲಿಯ ಮುಚ್ಚಳದಲ್ಲಿ ಮಿಲಿ ಗೆರೆಗಳಿರುತ್ತವೆ. 10 ಮಿಲಿ ಗೆರೆವರೆಗೆ ಎರಡು ಸಲ ತುಂಬಿದರೆ 20 ಮಿಲಿ. ನಾಲ್ಕು ಸಲ ತುಂಬಿದರೆ 40 ಮಿಲಿ. ಡಬ್ಬಿಯಲ್ಲೇ ಬೆರೆಸಿ, ಕುಲುಕಿ, ಆಮೇಲೆ ಟ್ಯಾಂಕಿಗೆ ಹಾಕಿ. ಆ ಮುಚ್ಚಳವನ್ನು ಮತ್ತೆ ಔಷಧಿಗೆ ಬಳಸಬೇಡಿ.

ಈಗ ಸ್ಟಾರ್ಟ್ ಮಾಡೋಣ

ಗಾಡಿ ಬಯಲಲ್ಲಿರಲಿ. ಮುಚ್ಚಿದ ಕೋಣೆಯಲ್ಲಿ ಸ್ಟಾರ್ಟ್ ಮಾಡಿದರೆ ಹೊಗೆಯಲ್ಲಿರುವ ವಿಷಗಾಳಿ ಪ್ರಾಣ ತೆಗೆಯುತ್ತದೆ. ನಡು ಸ್ಟ್ಯಾಂಡ್ ಹಾಕಿ. ಹಿಂದಿನ ಚಕ್ರ ನೆಲಕ್ಕೆ ತಾಗದಿರಲಿ. ಸೆರಗು, ದುಪ್ಪಟ್ಟಾ, ಜಡೆ ಕಟ್ಟಿಕೊಳ್ಳಿ. ಪೆಟ್ರೋಲ್ ತಿರುಪು ಬಿಟ್ಟು ಎಲ್ಲಾದರೂ ಸೋರುತ್ತದೆಯೇ ನೋಡಿ. ಚೋಕ್ ಹಾಕಿ. ಪೆಡಲ್ ತುಳಿಯಿರಿ.

ಮೊದಲ ಸಲಕ್ಕೇ ಹತ್ತಲಾರದು. ಹತ್ತು ಸಲ ತುಳಿದು ಸ್ವಲ್ಪ ಬಿಡಿ. ಹತ್ತಿದಾಗ ದಟ್ಟ ಹೊಗೆ ಬರುತ್ತದೆ. ನಾವು ಬಿಟ್ಟ ಎಣ್ಣೆ ಉರಿಯುತ್ತಿದೆ, ಗಾಬರಿ ಬೇಡ. ಇಂಜಿನ್ ಬೆಚ್ಚಗಾದ ಮೇಲೆ ಚೋಕ್ ತೆಗೆಯಿರಿ.

ಹತ್ತಲೇ ಇಲ್ಲವೇ? ಪ್ಲಗ್ಗು ಬಿಚ್ಚಿ ನೋಡಿ. ತುದಿ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಕಿಡಿ ಇಲ್ಲ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಜೆಟ್ಟನ್ನು ಮತ್ತೆ ತೊಳೆಯಿರಿ.

ಕಾಗದ ಯಾರ ಹೆಸರಿನಲ್ಲಿದೆ?

ಗಾಡಿ ಹತ್ತಿತು ಅಂತ ಕೂಡಲೇ ರಸ್ತೆಗೆ ಇಳಿಯಬೇಡಿ. ಟ್ರಂಕಿನಲ್ಲಿರುವ ಆರ್.ಸಿ. ತೆಗೆಯಿರಿ. ನೀವೇ ಓದಿ. ಯಾರ ಹೆಸರಿದೆ? ಯಾವ ವರ್ಷದವರೆಗೆ ಇದೆ? ಅದರಲ್ಲಿರುವ ಇಂಜಿನ್ ನಂಬರು, ಚಾಸಿ ನಂಬರು ಗಾಡಿಯ ಮೇಲಿನ ನಂಬರಿಗೆ ಸರಿಹೊಂದುತ್ತದೆಯೇ?

ಹೊಸ ಗಾಡಿಯ ಆರ್.ಸಿ. 15 ವರ್ಷಕ್ಕೆ. ಆಮೇಲೆ ಆರ್.ಟಿ.ಓ. ಆಫೀಸಿನಲ್ಲಿ ಗಾಡಿ ತೋರಿಸಿ, 5 ವರ್ಷಕ್ಕೊಮ್ಮೆ ನವೀಕರಿಸಬೇಕು. ವಿಮೆ ಬೇಕು. ಹೊಗೆ ತಪಾಸಣೆ ಚೀಟಿ ಬೇಕು. ಇದಕ್ಕೆಲ್ಲ ಎಷ್ಟು ಖರ್ಚು ಅಂತ ಮೊದಲೇ ಕೇಳಿ, ರಿಪೇರಿ ಖರ್ಚಿನ ಜೊತೆ ಕೂಡಿಸಿ ನೋಡಿ.

ಯಜಮಾನರು ತೀರಿಕೊಂಡಿದ್ದರೆ ಗಾಡಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು. ಅದಕ್ಕೆ ಫಾರಂ 31 ಇದೆ. ಸಾವಾದ 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. 3 ತಿಂಗಳೊಳಗೆ ಅರ್ಜಿ ಕೊಡಬೇಕು. ತಡವಾಗಿದ್ದರೂ ಸುಮ್ಮನಿರಬೇಡಿ, ಹೋಗಿ ಕೇಳಿ. ದಂಡ ಕಟ್ಟಬೇಕಾದೀತು, ಅಷ್ಟೆ. ಅರ್ಜಿಯನ್ನು ಪೂರ್ತಿ ಓದಿ, ಹೆಬ್ಬೆಟ್ಟು ಒತ್ತದೆ ಸಹಿ ಮಾಡಿ.

ಗುಜರಿಗೇ ಕೊಡುವುದಾದರೂ ಆರ್.ಸಿ. ರದ್ದು ಮಾಡಿಸಿ. ಇಲ್ಲದಿದ್ದರೆ ನಾಳೆ ಆ ನಂಬರಿನ ಗಾಡಿ ಎಲ್ಲಾದರೂ ಅಪಘಾತ ಮಾಡಿದರೆ ಪೊಲೀಸರು ನಿಮ್ಮ ಮನೆಗೆ ಬಂದಾರು.

ಓಡಿಸುವವರಿಗೆ ಲೈಸೆನ್ಸ್ ಬೇಕು. ಮೊದಲು ಎಲ್.ಎಲ್. ಮಾಡಿಸಿ. 30 ದಿನ ಕಳೆದ ಮೇಲೆ ಡಿ.ಎಲ್. ಪರೀಕ್ಷೆಗೆ ಹೋಗಬಹುದು. ಮುಂದೆ ಕೂತವರಿಗೂ ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕೇ ಬೇಕು.

ಓದು ಕಲಿತವರು ದಾರಿಯನ್ನೂ ಕಲಿತರು

1990ರ ದಶಕದ ಮೊದಲಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಲ್ಲಿ ಸಾವಿರಾರು ಹೆಂಗಸರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿತರು. ಜನ ನಕ್ಕರು. ಅವರು ನಿಲ್ಲಿಸಲಿಲ್ಲ. ಬಸ್ಸಿಗೆ ಕಾಯದೆ ಸಂತೆಗೆ, ಕೆಲಸಕ್ಕೆ ತಾವೇ ಹೋಗತೊಡಗಿದರು.

ನಮ್ಮ ಊರಿಗೆ ದಿನಕ್ಕೆ ಎಷ್ಟು ಸಲ ಬಸ್ಸು ಬರುತ್ತದೆ? ಡೇರಿ, ಸಂತೆ, ಆಸ್ಪತ್ರೆ ಎಷ್ಟು ದೂರ? ಅಲ್ಲಿಗೆ ಕರೆದೊಯ್ಯಲು ನಾವು ಯಾರನ್ನು ಕಾಯುತ್ತೇವೆ? ಈ ಲೆಕ್ಕವನ್ನೂ ಹಾಕಿ. ಆಮೇಲೆ ಗುಜರಿಯವನಿಗೆ ಉತ್ತರ ಕೊಡಿ.

ಓದಿ, ಉತ್ತರ ಹೇಳಿ

1. ಇಂಜಿನ್ ಹತ್ತಲು ಬೇಕಾದ ಮೂರು ಸಂಗತಿ ಯಾವುವು?
2. ಜೆಟ್ಟಿಗೆ ಸೂಜಿ ಏಕೆ ಚುಚ್ಚಬಾರದು?
3. 1 ಲೀಟರಿಗೆ 40 ಮಿಲಿ ಎಣ್ಣೆ ಆದರೆ 3 ಲೀಟರಿಗೆ ಎಷ್ಟು?
4. ನಿಮ್ಮ ಮನೆಯ ಗಾಡಿ ಯಾರ ಹೆಸರಿನಲ್ಲಿದೆ? ಆರ್.ಸಿ. ನೋಡಿ ಬರೆಯಿರಿ.