ಬೆರಕೆ ಬಲ್ಲ ಪತ್ತಾರರು

‘ಬಂಗಾರ ನನ್ನ ಮೈಗೆ ಆಗಿಬರೂದಿಲ್ಲರೀ’ ಎನ್ನುವ ಮಾತು ಮಲಪ್ರಭೆಯ ದಂಡೆಯ ಊರುಗಳಲ್ಲಿ ಹೊಸದಲ್ಲ. ಕಿವಿಯ ತೂತು ಕೆಂಪಾಗಿ ನೀರೊಸರಿದರೆ ಮೈಯಲ್ಲಿ ಉಷ್ಣ ಹೆಚ್ಚಾಗಿದೆ ಎನ್ನುತ್ತಾರೆ. ಕುತ್ತಿಗೆಯ ಸುತ್ತ ಕಪ್ಪು ಗೆರೆ ಮೂಡಿದರೆ ನಂಜು ಎನ್ನುತ್ತಾರೆ. ಬೆರಳಿಗೆ ಹಸಿರು ಹತ್ತಿದರೆ ಉಂಗುರ ಕೂಡಿಬರಲಿಲ್ಲ ಎಂದು ಗ್ರಹಗತಿಯವರೆಗೂ ಹೋಗುವವರಿದ್ದಾರೆ. ಈ ಎಲ್ಲ ಮಾತಿನಲ್ಲೂ ತಪ್ಪು ಬರುವುದು ತೊಟ್ಟವರ ಮೈಯ ಮೇಲೆ, ಅದರಲ್ಲೂ ಹೆಣ್ಣುಮಕ್ಕಳ ಮೇಲೆ. ಕಾರಣ ಇರುವುದು ಒಡವೆಯೊಳಗೆ ಬೆರೆತ ಲೋಹದಲ್ಲಿ. ಆ ಬೆರಕೆಯ ಲೆಕ್ಕ ಬಲ್ಲವರು ನಮ್ಮ ಪತ್ತಾರರು.

ಮಲಪ್ರಭೆಯ ದಂಡೆಯ ಅಂಥ ಒಂದು ಊರು ಸರಕಾರಿ ಕಾಗದದಲ್ಲಿ ಮುನವಳ್ಳಿ, ಜನರ ಬಾಯಲ್ಲಿ ಮನೋಳಿ. ಸವದತ್ತಿ ತಾಲ್ಲೂಕಿನ ಈ ಊರು ಪಂಚಲಿಂಗೇಶ್ವರ ಗುಡಿಗೆ ಹೆಸರಾದದ್ದು. ಇಲ್ಲಿಂದ ಬೈಲಹೊಂಗಲ, ಕಿತ್ತೂರು, ರಾಮದುರ್ಗದವರೆಗೆ ಯಾವ ಪೇಟೆಗೆ ಹೋದರೂ ಚಿನ್ನ ಬೆಳ್ಳಿಯ ಕೆಲಸದವರನ್ನು ಜನ ಕರೆಯುವುದು ಪತ್ತಾರರು ಎಂದೇ. ಅಗ್ಗಿಷ್ಟಿಕೆ, ಮೂಸೆ, ಊದುಗೊಳವೆ, ತಂತಿ ಎಳೆಯುವ ಕಂಬಚ್ಚು, ಬೆಸುಗೆಗೆ ಬಿಳಿಗಾರ, ಪರೀಕ್ಷೆಗೆ ಕಪ್ಪನೆಯ ಒರೆಗಲ್ಲು: ಇಷ್ಟೇ ಸಲಕರಣೆಯಲ್ಲಿ ಟೀಕಿ, ಗುಂಡಿನ ಸರ, ಬುಗುಡಿ, ಬೆಂಡೋಲಿ, ಬೋರಮಾಳ ಎಲ್ಲವೂ ಹುಟ್ಟಿವೆ.

ಬೋರಮಾಳವನ್ನೇ ನೋಡಿ. ತೆಳ್ಳನೆಯ ಬಂಗಾರದ ತಗಡಿನಿಂದ ಟೊಳ್ಳು ಗುಂಡು ಮಾಡಿ, ಒಳಗೆ ಅರಗು ತುಂಬುತ್ತಾರೆ. ಅಪ್ಪಟ ಬಂಗಾರ ಬಹಳ ಮೆತ್ತಗೆ, ಒತ್ತಿದರೆ ನಗ್ಗುತ್ತದೆ. ಗಟ್ಟಿಯಾಗಬೇಕಾದರೆ ತಾಮ್ರವನ್ನೋ ಬೆಳ್ಳಿಯನ್ನೋ ಬೆರೆಸಬೇಕು. ಬೋರಮಾಳದಲ್ಲಿ ಭಾರ ಹೊರುವ ಕೆಲಸ ಒಳಗಿನ ಅರಗಿನದು, ಹೀಗಾಗಿ ಹೊರಗಿನ ತಗಡು ಒಳ್ಳೆಯ ಬಂಗಾರದ್ದೇ ಆಗಿರಬಹುದು. ಕಡಿಮೆ ತೂಕದಲ್ಲಿ ಮೈಗೆ ಹಿತವಾದ ಒಡವೆ ಕೊಡುವ ಈ ಜಾಣ್ಮೆಗೆ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತದೆ. ಅಂಥ ಸರವನ್ನು ಬಿಸಿನೀರಿಗೆ ಹಾಕಬೇಡಿ ಎಂದು ಹಿರಿಯರು ಹೇಳುತ್ತಿದ್ದುದೂ ಆ ಅರಗಿನ ಸಲುವಾಗಿಯೇ.

ಅಪ್ಪಟ ಎಂದರೆ 24 ಕ್ಯಾರೆಟ್. ನಾವು ಸಾಮಾನ್ಯವಾಗಿ ತೊಡುವ 22 ಕ್ಯಾರೆಟ್ಟಿನಲ್ಲಿ ಬಂಗಾರ ನೂರಕ್ಕೆ 91.6 ಪಾಲು. 18 ಕ್ಯಾರೆಟ್ಟಿನಲ್ಲಿ 75, 14 ಕ್ಯಾರೆಟ್ಟಿನಲ್ಲಿ 58.5. ಉಳಿದ ಪಾಲು ಬೆರಕೆಯದು. ಬಂಗಾರ ಬೆವರಿಗೆ ಜಗ್ಗುವುದಿಲ್ಲ, ಬೆರಕೆ ಜಗ್ಗುತ್ತದೆ. ಬೆವರಿನ ಉಪ್ಪು ಮತ್ತು ಚರ್ಮದ ಜಿಡ್ಡು ತಾಮ್ರವನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತವೆ, ಆಗ ಹುಟ್ಟುವ ತಾಮ್ರದ ಲವಣಗಳ ಬಣ್ಣ ಹಸಿರು. ತಾಮ್ರದ ಕಡಗ, ಹಿತ್ತಾಳೆಯ ಉಂಗುರ ತೊಟ್ಟ ಕಡೆ ಕಾಣುವುದು ಅದೇ. ಎರೆಹೊಲದಲ್ಲಿ ಬಿಸಿಲಿಗೆ ದುಡಿದು ಬಂದವರ ಕೈಯಲ್ಲಿ ಹಸಿರು ಬೇಗ ಕಂಡರೆ ಆಶ್ಚರ್ಯಪಡಬೇಕಿಲ್ಲ. ಸಾಬೂನು ಹಚ್ಚಿ ತೊಳೆದರೆ ಹೋಗುತ್ತದೆ, ಅದು ರೋಗವಲ್ಲ.

ಬೆಳ್ಳಿಯದು ಇನ್ನೊಂದು ಬಗೆ. ಕಾಲುಂಗುರದ ಕೆಳಗಿನ ಕಪ್ಪು, ಪೈಜಣ ಮಾಸುವುದು, ಎರಡಕ್ಕೂ ಕಾರಣ ಗಂಧಕ. ಗಾಳಿಯಲ್ಲಿ, ಬೆವರಿನಲ್ಲಿ ಇರುವ ಗಂಧಕದ ಅಂಶ ಬೆಳ್ಳಿಯ ಮೇಲ್ಮೈಗೆ ಸೇರಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ, ಅದರ ಬಣ್ಣ ಕಪ್ಪು. ಹುಣಸೆಹಣ್ಣು, ಅಂಟವಾಳದಲ್ಲಿ ತಿಕ್ಕಿ ಬೆಳಗಿಸುವ ಹಳೆಯ ಪದ್ಧತಿ ಇಂದಿಗೂ ನಡೆಯುತ್ತದೆ. ಒಳ್ಳೆಯ ಬಂಗಾರದ ಕೆಳಗೂ ಕೆಲವರಿಗೆ ಕಪ್ಪು ಗೀರು ಮೂಡುವುದುಂಟು. ಅದಕ್ಕೆ ಮುಖದ ಪೌಡರ್ ಕಾರಣವಾಗಬಹುದು: ಅದರೊಳಗಿನ ಸತುವಿನ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಕಣಗಳು ಬಂಗಾರಕ್ಕಿಂತ ಗಟ್ಟಿ. ಅವು ಒಡವೆಯನ್ನು ಉಜ್ಜಿ ತೆಗೆದ ನುಣ್ಣನೆಯ ಲೋಹದ ಪುಡಿ ಚರ್ಮದ ಮೇಲೆ ಕಪ್ಪಾಗಿ ಕಾಣುತ್ತದೆ. ಪೌಡರ್ ಒರೆಸಿಕೊಂಡು ಸರ ಹಾಕಿಕೊಂಡರೆ ಆಯಿತು.

ಇಷ್ಟು ಬರಿಯ ಬಣ್ಣದ ಮಾತು. ತುರಿಕೆಯ ವಿಷಯ ಬೇರೆ, ಅದರ ಮುಖ್ಯ ಆರೋಪಿ ನಿಕೆಲ್.

ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋದವರು ಸಾಲುಸಾಲು ಅಂಗಡಿಗಳನ್ನು ನೋಡಿರುತ್ತಾರೆ. ಗಾಜಿನ ಹಸಿರು ಬಳೆಯ ಪಕ್ಕದಲ್ಲೇ ಝುಮಕಿ, ಸರ, ಉಂಗುರ ರಾಶಿ ಬಿದ್ದಿರುತ್ತವೆ. ಗಾಜು ಯಾರ ಕೈಗೂ ತಕರಾರು ಮಾಡುವುದಿಲ್ಲ. ಆದರೆ ಮುಲಾಮಿನ ಒಡವೆಯ ಒಳಗೆ ಹಿತ್ತಾಳೆಯೋ ತಾಮ್ರವೋ ಇದ್ದು, ಅದರ ಮೇಲೆ ಬಹಳ ಸಲ ನಿಕೆಲ್ಲಿನ ಪದರ ಇರುತ್ತದೆ. ಒಳಗಿನ ತಾಮ್ರ ಹೊರಗೆ ಬಂದು ಬಣ್ಣ ಕೆಡಿಸದಿರಲಿ ಎಂದು ಆ ಪದರ ಹಾಕುತ್ತಾರೆ. ಎಲ್ಲಕ್ಕಿಂತ ಮೇಲೆ ಕಣ್ಣಿಗೆ ಕಾಣುವ ಚಿನ್ನದ ನೀರು. ಅದು ಸವೆಯಲು ಬಹಳ ದಿನ ಬೇಡ. ಸವೆದ ಕಡೆ ಬೆವರಿಗೆ ನಿಕೆಲ್ ಸಿಗುತ್ತದೆ. ಕಾಲೇಜು ಹುಡುಗಿಯರು ಇಷ್ಟಪಡುವ ಜರ್ಮನ್ ಸಿಲ್ವರ್ ಒಡವೆಯಲ್ಲಂತೂ ಹೆಸರಿನಲ್ಲಿ ಬಿಟ್ಟರೆ ಬೆಳ್ಳಿಯೇ ಇಲ್ಲ, ಅದು ತಾಮ್ರ, ನಿಕೆಲ್, ಸತು ಕೂಡಿಸಿದ ಮಿಶ್ರಲೋಹ.

ಬೆವರಿನಲ್ಲಿ ಕರಗಿದ ನಿಕೆಲ್ ಚರ್ಮದೊಳಗೆ ಇಳಿದಾಗ ಕೆಲವರ ದೇಹದ ರಕ್ಷಣಾ ಕಣಗಳು ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತವೆ. ಒಮ್ಮೆ ಗುರುತಿಟ್ಟರೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ. ಮುಂದೆ ನಿಕೆಲ್ ತಾಗಿದಾಗಲೆಲ್ಲ ತುರಿಕೆ, ಕೆಂಪು, ಸಣ್ಣ ನೀರುಗುಳ್ಳೆ. ಅದೂ ತಕ್ಷಣ ಅಲ್ಲ, ಒಂದೆರಡು ದಿನ ತಡವಾಗಿ. ನಮ್ಮಲ್ಲಿ ತಪ್ಪು ಲೆಕ್ಕ ಹುಟ್ಟುವುದು ಇಲ್ಲೇ. ಸೋಮವಾರ ತೊಟ್ಟ ಓಲೆಗೆ ಬುಧವಾರ ಕಿವಿ ತುರಿಸಿದರೆ ತಪ್ಪು ಹೊರುವುದು ಮಂಗಳವಾರ ಉಂಡ ಬದನೆಕಾಯಿ.

ಈ ಗುರುತು ಬೀಳಲು ಬಹಳ ಸುಲಭದ ಹೊತ್ತು ಕಿವಿ ಚುಚ್ಚಿದ ಹೊತ್ತು. ಹಸಿಗಾಯಕ್ಕೆ ಲೋಹ ನೇರವಾಗಿ ತಾಗಿರುತ್ತದೆ. ಕೂಸಿನ ಕಿವಿಯನ್ನು ಪತ್ತಾರರಿಂದ ಚುಚ್ಚಿಸಿ ಬಂಗಾರದ ತಂತಿಯನ್ನೇ ಹಾಕಿಸುವ ರೂಢಿಯಲ್ಲಿ ಎಂಥ ವಿವೇಕ ಇದೆ ಎಂಬುದು ಆಗ ತಿಳಿಯುತ್ತದೆ. ಬಡವರ ಮನೆಯಲ್ಲಿ ಬೇವಿನ ಕಡ್ಡಿ ಹಾಕುತ್ತಿದ್ದರು, ಅದರಲ್ಲಿ ನಂಜೇರುವ ಅಪಾಯ ಇದ್ದರೂ ನಿಕೆಲ್ ಅಂತೂ ಇರಲಿಲ್ಲ. ಅಗ್ಗದ ಓಲೆಯಿಂದ ಚುಚ್ಚಿಸಿಕೊಂಡ ಹುಡುಗಿಗೆ ಮುಂದೆ ಕೈಗಡಿಯಾರದ ಕೊಂಡಿ, ಪ್ಯಾಂಟಿನ ಗುಂಡಿ ಕೂಡ ತುರಿಕೆ ತರಬಹುದು.

ಡೆನ್ಮಾರ್ಕ್ ಈ ವಿಷಯವನ್ನು 1990ರಲ್ಲೇ ಕಾನೂನಿಗೆ ತಂದಿತು. 1994ರಲ್ಲಿ ಯುರೋಪಿನ ಒಕ್ಕೂಟವೂ ನಿರ್ದೇಶನ ಹೊರಡಿಸಿತು. ಒಡವೆಯಲ್ಲಿ ಎಷ್ಟು ನಿಕೆಲ್ ಇದೆ ಎಂಬುದನ್ನಲ್ಲ, ಮೈಗೆ ಎಷ್ಟು ಬಿಡುತ್ತದೆ ಎಂಬುದನ್ನು ಅಲ್ಲಿ ಅಳೆಯುತ್ತಾರೆ: ಒಂದು ಚದರ ಸೆಂಟಿಮೀಟರಿನಿಂದ ವಾರಕ್ಕೆ 0.5 ಮೈಕ್ರೊಗ್ರಾಂ ಮೀರಬಾರದು. ಚುಚ್ಚಿದ ತೂತಿನೊಳಗೆ ಹೋಗುವ ಕಡ್ಡಿಗೆ ಮಿತಿ ಇನ್ನೂ ಬಿಗಿ, 0.2. ಒಳ್ಳೆಯ ಸ್ಟೀಲಿನಲ್ಲಿ ನಿಕೆಲ್ ಇದ್ದರೂ ಮೇಲಿನ ಕ್ರೋಮಿಯಂ ಆಕ್ಸೈಡ್ ಪದರ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರಿಂದ ಎಷ್ಟೋ ಜನರಿಗೆ ತೊಂದರೆಯಾಗುವುದಿಲ್ಲ. ಕಾನೂನು ಬಂದ ಮೇಲೆ ಡೆನ್ಮಾರ್ಕಿನ ಎಳೆಯ ಹೆಣ್ಣುಮಕ್ಕಳಲ್ಲಿ ಈ ಅಲರ್ಜಿ ಕಡಿಮೆಯಾಯಿತು. ನಮ್ಮ ಜಾತ್ರೆಯ ಓಲೆಯ ಚೀಟಿಯ ಮೇಲೂ ನಿಕೆಲ್ಲಿನ ಮಾತು ಇರಲೇಬೇಕು. ಕೊಳ್ಳುವವಳಿಗೆ ಅದನ್ನು ತಿಳಿಯುವ ಹಕ್ಕಿದೆ.

ಬೆರಕೆಯ ಕಥೆಯಲ್ಲಿ ಪತ್ತಾರರು ಅನುಭವಿಸಿದ್ದನ್ನೂ ಹೇಳಬೇಕು. 1963ರಲ್ಲಿ ಕೇಂದ್ರ ಸರಕಾರ ಚಿನ್ನ ನಿಯಂತ್ರಣದ ನಿಯಮ ತಂದು, ಹೊಸ ಒಡವೆ 14 ಕ್ಯಾರೆಟ್ ಮೀರಬಾರದು ಎಂದಿತು. ಅರ್ಧಕ್ಕೆ ಹತ್ತಿರ ಬೆರಕೆಯಿರುವ ಒಡವೆಯನ್ನು ಯಾರು ಮಾಡಿಸಿಯಾರು? ದೇಶದಾದ್ಯಂತ ಅಕ್ಕಸಾಲಿಗರ ಕುಲುಮೆ ತಣ್ಣಗಾದವು. ಆ ಮಿತಿ ಮುಂದೆ ರದ್ದಾದರೂ 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರವರೆಗೂ ಉಳಿಯಿತು.

ಆಮೇಲೆ ಕೆಡಿಎಂ ಎಂಬ ಹೆಸರು ಅಂಗಡಿಯ ಫಲಕಗಳ ಮೇಲೆ ಹೆಮ್ಮೆಯಿಂದ ಏರಿತು. ಬೆಸುಗೆಗೆ ಕ್ಯಾಡ್ಮಿಯಂ ಬಳಸಿದರೆ ಒಡವೆಯ ಶುದ್ಧತೆ ಕಡಿಮೆಯಾಗುವುದಿಲ್ಲ ಎಂಬುದು ಅದರ ಆಕರ್ಷಣೆ. ಬಂಗಾರ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕ್ಯಾಡ್ಮಿಯಂ 767ರಲ್ಲೇ ಕುದಿದು ಆವಿಯಾಗುತ್ತದೆ. ಕೊಂಡವರ ಕೈಗೆ ಶುದ್ಧವಾದ ಬಳೆ ಬಂತು, ಆ ಹೊಗೆಯನ್ನು ಸಣ್ಣ ಕೋಣೆಯಲ್ಲಿ ಬಗ್ಗಿ ಕೂತು ಕುಡಿದವನು ಪತ್ತಾರ. ಪುಪ್ಪುಸಕ್ಕೂ ಮೂತ್ರಪಿಂಡಕ್ಕೂ ಅದು ವಿಷ. ತೊಟ್ಟವರ ತುರಿಕೆಯ ಬಗ್ಗೆ ಮಾತಾಡುವಾಗ ಮಾಡಿದವರ ಉಸಿರಿನ ಬಗ್ಗೆ ನಾವು ಸುಮ್ಮನಿರುವುದು ನ್ಯಾಯವಲ್ಲ. ಹಾಲ್‌ಮಾರ್ಕ್ ಚಿನ್ನದಲ್ಲಿ ಈಗ ಕ್ಯಾಡ್ಮಿಯಂ ಬೆಸುಗೆಗೆ ಜಾಗವಿಲ್ಲ. 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. ಒಡವೆಯ ಮೇಲೆ ಬಿಐಎಸ್ ಗುರುತು, 22ಕೆ916 ಎಂಬಂಥ ಶುದ್ಧತೆಯ ಗುರುತು, ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಮೂರೂ ಇವೆಯೇ ನೋಡಿಕೊಳ್ಳಿ.

ಕಿವಿ ಒಸರುತ್ತಿದ್ದರೆ ಮೊದಲು ಓಲೆ ತೆಗೆಯಿರಿ. ಒಸರುವುದು ನಿಲ್ಲದಿದ್ದರೆ ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಚರ್ಮವೈದ್ಯರನ್ನು ಕಾಣಿರಿ. ಶಂಕೆಯ ವಸ್ತುಗಳನ್ನು ಬೆನ್ನಿಗೆ ಎರಡು ದಿನ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆಯಿಂದ ಕಾರಣ ನಿಕೆಲ್ಲೋ ಬೇರೆಯೋ ತಿಳಿಯುತ್ತದೆ. ಹಣೆಯಲ್ಲಿ ಬಿಳಿ ಕಲೆ ಬಿದ್ದಿದ್ದರೆ ಒಡವೆಯನ್ನು ಬೈಯಬೇಡಿ. ಅಂಟಿಸುವ ಟಿಕಳಿಯ ಗೋಂದಿನಲ್ಲಿರುವ ಒಂದು ರಾಸಾಯನಿಕ ಚರ್ಮದ ಬಣ್ಣವನ್ನೇ ಅಳಿಸಬಲ್ಲದು ಎಂಬುದನ್ನು ಭಾರತದ ಚರ್ಮವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ.

ನಿಕೆಲ್ ಆಗದವರು ಝುಮಕಿಯ ಆಸೆ ಬಿಡಬೇಕಾಗಿಲ್ಲ. ಅಲರ್ಜಿ ಹೆಚ್ಚಾಗಿ ಕಾಡುವುದು ತೂತಿನೊಳಗೆ ಹೋಗುವ ತುಂಡಿನಿಂದ. ತೂಗುವ ಝುಮಕಿಯಾದರೆ ಅದರ ಹಳೆಯ ಕೊಕ್ಕೆ ಕಳಚಿ, 22 ಕ್ಯಾರೆಟ್ ಬಂಗಾರದ ತಂತಿಯ ಹೊಸ ಕೊಕ್ಕೆ ಹಾಕಿಕೊಡಿ ಎಂದು ಪತ್ತಾರರನ್ನು ಕೇಳಿ. ಬೇಕಾಗುವುದು ಸ್ವಲ್ಪವೇ ಬಂಗಾರ, ಬೆಸುಗೆಯ ಅಗತ್ಯವೂ ಇಲ್ಲ. ಕಂಬಚ್ಚಿನಲ್ಲಿ ತಂತಿ ಎಳೆದು, ಬಗ್ಗಿಸಿ, ತುದಿ ನುಣುಪು ಮಾಡಿ ಅವರು ಅಂದೇ ಕೊಟ್ಟಾರು.