ಮ್ಯಾಕ್ವಾರಿ ದ್ವೀಪದ ಮಾರ್ಜಾರವೂ ಪಕ್ಷಿನಾಶದ ಕಾರಣವಿಚಾರವೂ

ಅಮರಸಿಂಹನು ತನ್ನ ಕೋಶದಲ್ಲಿ ಬೆಕ್ಕಿಗೆ ಓತು, ಬಿಡಾಲ, ಮಾರ್ಜಾರ, ವೃಷದಂಶಕ, ಆಖುಭುಕ್ ಎಂಬ ಹೆಸರುಗಳನ್ನು ಹೇಳಿದ್ದಾನೆ. ಇವುಗಳಲ್ಲಿ ಕಡೆಯ ಎರಡು ಇಲಿಯನ್ನು ಕಡಿದು ತಿನ್ನುವ ಗುಣವನ್ನು ಹಿಡಿದು ಹುಟ್ಟಿದವು. ಮನುಷ್ಯನು ಬೆಕ್ಕನ್ನು ಮನೆಗೂ ಹಡಗಿಗೂ ಸೇರಿಸಿಕೊಂಡದ್ದು ಈ ಗುಣಕ್ಕಾಗಿಯೇ. ಆದರೆ ಹಡಗಿನಿಂದಿಳಿದು ದೂರದ್ವೀಪಗಳಲ್ಲಿ ಕಾಡುಬಿದ್ದ ಬೆಕ್ಕು ತನ್ನ ಹೆಸರಿನ ಅರ್ಥಕ್ಕೆ ಕಟ್ಟುಬಿದ್ದು ನಡೆಯಲಿಲ್ಲ. ಅಲ್ಲಿನ ಪಕ್ಷಿಗಳು ಹಿಂಸ್ರಮೃಗಗಳನ್ನು ಕಾಣದೆ ವಂಶಪರಂಪರೆಯಾಗಿ ಬೆಳೆದವು, ನೆಲದಲ್ಲಿಯೇ ಗೂಡುಮಾಡತಕ್ಕವು, ಶತ್ರುವನ್ನು ಕಂಡು ಹೆದರುವ ಸಂಸ್ಕಾರವೂ ಅವುಗಳಿಗೆ ಇರಲಿಲ್ಲ. ಆದಕಾರಣ ಅನೇಕ ದ್ವೀಪಗಳಲ್ಲಿ ಪಕ್ಷಿಕುಲಗಳೇ ನಷ್ಟವಾದುವು. ಈ ನಾಶಕ್ಕೆ ಬೆಕ್ಕೊಂದೇ ಕಾರಣವೆ ಎಂಬ ಪ್ರಶ್ನೆಗೆ ಮ್ಯಾಕ್ವಾರಿ ದ್ವೀಪದ ಚರಿತ್ರೆಯು ಉತ್ತರವನ್ನು ಕೊಡುತ್ತದೆ.

ಈ ದ್ವೀಪವು ಟಾಸ್ಮೇನಿಯಕ್ಕೆ ಆಗ್ನೇಯದಲ್ಲಿ, ಸುಮಾರು ೧೫೦೦ ಕಿಲೋಮೀಟರು ದೂರದಲ್ಲಿ, ದಕ್ಷಿಣ ಮಹಾಸಾಗರದ ಮಧ್ಯದಲ್ಲಿರುವುದು. ಉದ್ದ ೩೪ ಕಿಲೋಮೀಟರು. ಅಗಲ ಸುಮಾರು ಐದು. ಇಲ್ಲಿ ಮರವೆಂಬುದಿಲ್ಲ, ಎತ್ತರವಾದ ಹುಲ್ಲಿನ ಪೊದೆಗಳೇ ಪಕ್ಷಿಗಳಿಗೆ ಆಶ್ರಯ. ೧೮೧೦ರಲ್ಲಿ ಸೀಲ್ ಎಂಬ ಕಡಲಪ್ರಾಣಿಯನ್ನು ಬೇಟೆಯಾಡುವವರು ಇದನ್ನು ಕಂಡುಹಿಡಿದರು. ೧೮೨೦ರಲ್ಲಿ ರಷ್ಯದ ನಾವಿಕ ಬೆಲ್ಲಿಂಗ್ಸ್‌ಹೌಸೆನ್ ಇಲ್ಲಿಗೆ ಬಂದಾಗ ಬೆಕ್ಕುಗಳು ಆಗಲೇ ಕಾಡುಬಿದ್ದಿದ್ದುವು.

ಈ ದ್ವೀಪದಲ್ಲಲ್ಲದೆ ಬೇರೆಲ್ಲಿಯೂ ಇಲ್ಲದ ಒಂದು ಹಸುರುಗಿಳಿಯು ಹುಲ್ಲಿನ ಪೊದೆಗಳ ಬುಡದಲ್ಲಿ ವಾಸಿಸುತ್ತಿದ್ದಿತು. ಬೆಕ್ಕುಗಳು ಬಂದ ಬಳಿಕವೂ ಸುಮಾರು ಅರುವತ್ತು ವರ್ಷ ಅದು ಹೇರಳವಾಗಿಯೇ ಇದ್ದಿತು. ಅನಂತರ ಹತ್ತು ಹನ್ನೆರಡು ವರ್ಷಗಳೊಳಗೆ, ೧೮೯೧ರ ಸುಮಾರಿಗೆ, ನಿಶ್ಶೇಷವಾಯಿತು. ಕಾರಣವಿದ್ದೂ ಕಾರ್ಯವು ಹುಟ್ಟದಿದ್ದರೆ ತಾರ್ಕಿಕರು ಅದನ್ನು ಅನ್ವಯವ್ಯಭಿಚಾರವೆನ್ನುವರು. ಅರುವತ್ತು ವರ್ಷ ಬೆಕ್ಕಿದ್ದೂ ಗಿಳಿಯು ಅಳಿಯಲಿಲ್ಲವಾದುದರಿಂದ, ಬೆಕ್ಕೊಂದೇ ಪೂರ್ಣಕಾರಣವೆಂಬ ಮಾತು ನಿಲ್ಲದು.

ನ್ಯೂಜಿಲೆಂಡಿನ ವಿದ್ವಾಂಸ ಟೇಲರ್ ೧೯೭೯ರಲ್ಲಿ ಇದಕ್ಕೆ ಸಮಾಧಾನವನ್ನು ಹೇಳಿದನು. ೧೮೭೯ರ ಸುಮಾರಿನಲ್ಲಿ ಬೇಟೆಗಾರರು ತಮ್ಮ ಆಹಾರಕ್ಕಾಗಿ ಮೊಲಗಳನ್ನು ತಂದುಬಿಟ್ಟರು. ಅದಕ್ಕೆ ಮುಂಚೆ, ಕಡಲಹಕ್ಕಿಗಳು ಬಹುಪಾಲು ದ್ವೀಪವನ್ನು ಬಿಟ್ಟುಹೋಗುವ ಚಳಿಗಾಲದಲ್ಲಿ, ಬೆಕ್ಕುಗಳು ಆಹಾರವಿಲ್ಲದೆ ಸಾಯುತ್ತಿದ್ದುವು; ಅವುಗಳ ಸಂಖ್ಯೆಗೆ ಅದೇ ಮಿತಿಯಾಗಿದ್ದಿತು. ಮೊಲಗಳು ವರ್ಷವಿಡೀ ದೊರೆಯುವ ಆಹಾರವಾದ ಮೇಲೆ ಆ ಮಿತಿಯು ತಪ್ಪಿತು. ನ್ಯೂಜಿಲೆಂಡಿನಿಂದ ತಂದಿದ್ದ ವೆಕಾ ಎಂಬ ಹಾರಲಾರದ ಪಕ್ಷಿಯೂ ಹೀಗೆಯೇ ಹೆಚ್ಚಿ ಗಿಳಿಗಳಿಗೆ ಶತ್ರುವಾಯಿತು. ಗಿಳಿಯನ್ನು ಕೊಂದದ್ದು ಬೆಕ್ಕಾದರೂ ಬೆಕ್ಕನ್ನು ಪೋಷಿಸಿದ್ದು ಮೊಲ, ಅದು ಸಹಕಾರಿಕಾರಣ. ಎರಡನ್ನೂ ತಂದ ಮನುಷ್ಯನೇ ಮೂಲನಿಮಿತ್ತ.

ಇಪ್ಪತ್ತನೆಯ ಶತಮಾನದಲ್ಲಿಯೂ ಬೆಕ್ಕುಗಳು ವರ್ಷಕ್ಕೆ ಸುಮಾರು ೬೦,೦೦೦ ಕಡಲಹಕ್ಕಿಗಳನ್ನು ಕೊಲ್ಲುತ್ತಿದ್ದುವೆಂದು ಅಂದಾಜು ಮಾಡಲಾಗಿದೆ. ೧೯೭೮ರಲ್ಲಿ ಮೊಲಗಳನ್ನು ಅಡಗಿಸಲು ಮಿಕ್ಸೋಮಾ ಎಂಬ ವೈರಾಣುವನ್ನು ಹರಡಿದರು. ಲಕ್ಷವನ್ನು ಮೀರಿದ್ದ ಮೊಲಗಳು ೨೦,೦೦೦ಕ್ಕಿಂತ ಕಡಿಮೆಯಾದುವು. ಮೊಲ ಸಿಕ್ಕದ ಬೆಕ್ಕುಗಳು ಹಕ್ಕಿಗಳನ್ನು ಇನ್ನೂ ಹೆಚ್ಚಾಗಿ ತಿನ್ನುವುವೆಂಬ ಭಯದಿಂದ ೧೯೮೫ರಲ್ಲಿ ಅವುಗಳ ನಿರ್ಮೂಲನೆಯನ್ನು ಬಲವಾಗಿ ತೊಡಗಿದರು. ೨೦೦೦ದಲ್ಲಿ ಕಡೆಯ ಬೆಕ್ಕು ಸತ್ತಿತು. ಬಹುಕಾಲದಿಂದ ಅಲ್ಲಿ ಮರಿಮಾಡದಿದ್ದ ಬೂದುಬಣ್ಣದ ಪೆಟ್ರೆಲ್ ಹಕ್ಕಿಯು ಹಿಂದಿರುಗಿತು.

ಆದರೆ ಅದೇ ಕಾಲದಲ್ಲಿ ಮೊಲಗಳು ತಿರುಗಿ ಲಕ್ಷವನ್ನು ದಾಟಿ, ಬೆಟ್ಟದ ಇಳಿಜಾರುಗಳ ಹುಲ್ಲನ್ನು ಮೇಯ್ದು ಬರಿದುಮಾಡಿದುವು. ಬೆಕ್ಕು ಹೋದದ್ದೇ ಇದಕ್ಕೆ ಕಾರಣವೆಂದು ೨೦೦೯ರಲ್ಲಿ ಬರ್ಗ್‌ಸ್ಟ್ರೋಮ್ ಮೊದಲಾದವರು ವಾದಿಸಿದರು. ವೈರಾಣುವಿನ ಬಲ ಕುಗ್ಗಿದುದನ್ನೂ ಎಣಿಸಬೇಕು, ಬೆಕ್ಕಿನ ಪಾತ್ರವನ್ನು ಅಧಿಕವಾಗಿ ಹೇಳಲಾಗಿದೆ ಎಂದು ಡೌಡಿಂಗ್ ಮೊದಲಾದವರು ಆಕ್ಷೇಪಿಸಿದರು. ಪಕ್ಷ ಪ್ರತಿಪಕ್ಷಗಳು ಹೇಗೇ ಇರಲಿ, ಪರಿಹಾರದಲ್ಲಿ ಇಬ್ಬರಿಗೂ ಭೇದವಿಲ್ಲ: ಮನುಷ್ಯನು ತಂದ ಪ್ರಾಣಿಗಳಲ್ಲಿ ಒಂದನ್ನು ಮಾತ್ರ ತೆಗೆದು ಉಳಿದುವನ್ನು ಬಿಡುವುದು ಸಲ್ಲದು. ೨೦೧೧ರಲ್ಲಿ ಮೊಲ, ಹೆಗ್ಗಣ, ಇಲಿ ಈ ಮೂರನ್ನೂ ಒಟ್ಟಿಗೆ ನಿರ್ಮೂಲಮಾಡುವ ಕಾರ್ಯವು ದ್ವೀಪದಲ್ಲಿ ನಡೆಯಿತು. ಅದು ಸಫಲವಾಯಿತೆಂದು ೨೦೧೪ರಲ್ಲಿ ಸಾರಲಾಯಿತು. ಹುಲ್ಲು ಮತ್ತೆ ಬೆಳೆಯಿತು. ಕಡಲಹಕ್ಕಿಗಳು ಬಿಲಗಳಿಗೆ ಮರಳಿದುವು.

ಅಳಿದ ಗಿಳಿಯು ಮಾತ್ರ ಮರಳಲಿಲ್ಲ. ಬೆಕ್ಕು ತನ್ನ ಸ್ವಭಾವದಂತೆ ನಡೆಯಿತು. ಅದಕ್ಕೆ ಪಾಪವನ್ನು ಹೊರಿಸುವುದು ನ್ಯಾಯವಲ್ಲ. ಸ್ವಭಾವವನ್ನು ವಿಚಾರಿಸದೆ ಪ್ರಾಣಿಯನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸಿದವನೇ ಫಲಕ್ಕೆ ಹೊಣೆ. ಕಾರಣಗಳಲ್ಲಿ ಒಂದನ್ನು ಕಂಡು ಉಳಿದುವನ್ನು ಮರೆತಲ್ಲಿ ಚಿಕಿತ್ಸೆಯೇ ಮತ್ತೊಂದು ರೋಗಕ್ಕೆ ದಾರಿಯಾಗುವುದೆಂಬುದನ್ನು ಈ ಸಣ್ಣ ದ್ವೀಪವು ಇನ್ನೂರು ವರ್ಷಗಳಲ್ಲಿ ತೋರಿಸಿಕೊಟ್ಟಿದೆ.