ಕರಿಕಂಬಳಿಯ ಹಿಂದೆ ನೂರು ಕೈ

ಮಾಗಿಯ ಚಳಿ ಕಾಲಿಟ್ಟೊಡನೆ ಪಟ್ಟಣದ ಮನೆಗಳಲ್ಲಿ ಪೆಟ್ಟಿಗೆಯ ತಳದಲ್ಲಿದ್ದ ಹೊದಿಕೆಗಳು ಒಂದೊಂದಾಗಿ ಹೊರಬರುತ್ತವೆ. ಹೂಬಳ್ಳಿಯ ಚಿತ್ರವಿರುವ ರಗ್ಗು, ಅಂಚುಕಟ್ಟಿದ ಶಾಲು, ನುಣುಪಾದ ಬ್ಲಾಂಕೆಟ್ಟು! ಅವುಗಳ ನಡುವೆ ತಾತನ ಕಾಲದ ಕರಿಕಂಬಳಿಯೊಂದು ಇದ್ದರೆ ಅದನ್ನು ಮೊದಲು ಎತ್ತಿಕೊಳ್ಳುವವರೇ ಇಲ್ಲ. “ಮೈಗೆಲ್ಲ ಚುಚ್ಚುತ್ತದಮ್ಮ” ಎಂದು ಮಕ್ಕಳು ಮುಖ ಸಿಂಡರಿಸುತ್ತಾರೆ. ಆದರೆ ನಡುರಾತ್ರಿಯಲ್ಲಿ ಚಳಿ ಬಲಿತಾಗ ಅದೇ ಮಕ್ಕಳು ತಾತನ ಕಂಬಳಿಯ ಅಂಚನ್ನು ಮೆಲ್ಲಗೆ ತಮ್ಮೆಡೆಗೆ ಎಳೆದುಕೊಳ್ಳುವುದುಂಟು.

ಹೀಗೆ ಹಗಲಲ್ಲಿ ತಿರಸ್ಕಾರಕ್ಕೂ ಇರುಳಲ್ಲಿ ಪ್ರೀತಿಗೂ ಪಾತ್ರವಾದ ಈ ಕಂಬಳಿ ಎಲ್ಲಿ ಹುಟ್ಟುತ್ತದೆ, ಯಾರ ಕೈಯಲ್ಲಿ ಬೆಳೆಯುತ್ತದೆ ಎಂಬುದನ್ನು ಬಲ್ಲವರು ವಿರಳ. ಅಂಗಡಿಯ ಹೊದಿಕೆಯ ಹಿಂದೆ ಒಂದು ಯಂತ್ರವಿರುತ್ತದೆ. ಕಂಬಳಿಯ ಹಿಂದಿರುವುದು ಒಂದು ಊರು.

ಬಯಲುಸೀಮೆಯ ಬೆಳೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ನಾಡಿನ ಅತಿ ಕಡಿಮೆ ಮಳೆ ಬೀಳುವ ಸ್ಥಳಗಳಲ್ಲೊಂದು. ಶೇಂಗಾ ಎಣ್ಣೆಯ ಗಾಣ, ಗಿರಣಿಗಳಿಂದ ‘ಎಣ್ಣೆ ನಗರ’ವೆಂದು ಹೆಸರಾದ ಈ ಊರಿಗೆ ಕಂಬಳಿಯ ಪೇಟೆಯೆಂಬ ಇನ್ನೊಂದು ಕೀರ್ತಿಯೂ ಉಂಟು. ಮಳೆ ಕೈಕೊಟ್ಟ ವರ್ಷ ಹೊಲ ಒಣಗಬಹುದು. ಆದರೆ ಕುರುಚಲು ಗಿಡ, ಒಣಹುಲ್ಲುಗಳನ್ನೇ ಮೇಯ್ದು ಬದುಕುವ ಕುರಿ ಮನೆಯವರನ್ನು ಕೈಬಿಡುವುದಿಲ್ಲ. ರಾಣೆಬೆನ್ನೂರು ಸೀಮೆಯ ಮೆಡ್ಲೇರಿಯಿಂದ ಹಿಡಿದು ಬಳ್ಳಾರಿ, ಕೊಪ್ಪಳ, ಬಾಗಲಕೋಟೆ, ಬೆಳಗಾವಿಯವರೆಗೆ ಹರಡಿದ ಈ ಬಯಲಿನಲ್ಲಿ ಕುರುಬ ಸಮಾಜದವರಿಗೆ ಕುರಿ, ಉಣ್ಣೆ ಮತ್ತು ಮಗ್ಗ ಮೂರೂ ಕುಲದ ಕಸುಬು.

2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ 1 ಕೋಟಿ 10 ಲಕ್ಷವನ್ನು ದಾಟಿತ್ತು. ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ಬಳಿಕ ದೇಶದಲ್ಲಿ ಮೂರನೆಯ ಸ್ಥಾನ ನಮ್ಮ ರಾಜ್ಯದ್ದಾಯಿತು. ಇಷ್ಟು ಕುರಿಗಳಿದ್ದ ಮೇಲೆ ಉಣ್ಣೆಗೇನು ಕೊರತೆ ಎಂದು ಯಾರಾದರೂ ಕೇಳಿಯಾರು. ವಿಷಯ ಅಷ್ಟು ಸರಳವಲ್ಲ.

ಆಸ್ಟ್ರೇಲಿಯದ ಮೆರಿನೋ ಕುರಿಯೊಂದು ವರ್ಷಕ್ಕೆ ನಾಲ್ಕೈದು ಕಿಲೋಗ್ರಾಮು ಉಣ್ಣೆ ಕೊಡುತ್ತದೆ. ನಮ್ಮ ದಖನಿ ಕುರಿಯ ಉಣ್ಣೆ ವರ್ಷಕ್ಕೆರಡು ಸಲ ಕತ್ತರಿಸಿದರೂ ಒಂದು ಕಿಲೋವನ್ನು ಮುಟ್ಟುವುದಿಲ್ಲ. ಎಳೆಯೂ ಮೆರಿನೋ ಎಳೆಗಿಂತ ಎರಡು ಪಟ್ಟು ದಪ್ಪ. ನಡುನಡುವೆ ಒರಟು ಕೂದಲಿನ ಬೆರಕೆ. ನುಣುಪಾದ ಸ್ವೆಟರಿಗೆ ಈ ಉಣ್ಣೆ ಒದಗದು. ಆದರೆ ಒರಟುತನವೇ ಇದರ ಸಾಮರ್ಥ್ಯ. ಮಲೆನಾಡಿನಲ್ಲಿ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಗದ್ದೆ ನೆಟ್ಟವರನ್ನು ಕೇಳಬೇಕು. ಮಳೆಯ ಹನಿ ಕಂಬಳಿಯ ಮೇಲೆ ಜಾರಿಹೋಗುತ್ತದೆ. ಉಣ್ಣೆಯ ಎಳೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆಯೆನಿಸದು. ಬೆಂಕಿಯೂ ಅದಕ್ಕೆ ಸುಲಭವಾಗಿ ಹತ್ತದು.

ಹಿಂಡಿನಿಂದ ಮಗ್ಗಕ್ಕೆ

ಉಣ್ಣೆ ಕತ್ತರಿಸುವ ದಿನ ಕುರಿಹಟ್ಟಿಯಲ್ಲಿ ಹಬ್ಬದ ಗಡಿಬಿಡಿ. ಹಿಂಡನ್ನು ಮೊದಲು ಕೆರೆಗೋ ಹಳ್ಳಕ್ಕೋ ಇಳಿಸಿ ಮೈ ತೊಳೆಯುತ್ತಾರೆ. ಮೈ ಒಣಗಿದ ಮೇಲೆ ಕಾಲುಕಟ್ಟಿ ಮಲಗಿಸಿ, ಕತ್ತರಿಯಿಂದ ತುಪ್ಪಟವನ್ನು ಬಿಡಿಸುತ್ತಾರೆ. ಕೈ ತಪ್ಪಿದರೆ ಚರ್ಮಕ್ಕೆ ಗಾಯ. ಕತ್ತರಿ ಮೇಲೇ ಆಡಿದರೆ ಎಳೆ ಗಿಡ್ಡ. ಅನುಭವಸ್ಥನ ಕೈಗೆ ಬೆಲೆ ಬರುವುದು ಇಲ್ಲಿಯೇ. ಮರಿಯ ಮೊದಲ ಉಣ್ಣೆ ಎಲ್ಲಕ್ಕಿಂತ ಮೃದುವಾದುದರಿಂದ ಅದನ್ನು ಬೇರೆಯಾಗಿ ಕಟ್ಟಿಡುತ್ತಾರೆ.

ಮುಂದಿನ ಕೆಲಸ ಮನೆಯೊಳಗಿನದು. ಕರಿ, ಕಂದು, ಬಿಳಿ ಎಂದು ಬಣ್ಣ ಬೇರ್ಪಡಿಸಿ, ಮುಳ್ಳು ಕಸ ಹೆಕ್ಕಿ, ಬಿಲ್ಲಿನಿಂದ ಹಿಂಜಿ ಹಂಜಿ ಮಾಡುತ್ತಾರೆ. ಹಂಜಿಯನ್ನು ರಾಟೆಯಲ್ಲಿ ನೂಲಾಗಿಸುವವರು ಹೆಚ್ಚಾಗಿ ಹೆಂಗಸರು. ಅಡುಗೆ, ನೀರು, ಮಕ್ಕಳ ಕೆಲಸ ಮುಗಿದ ಮೇಲೆ ಉಳಿದ ಹೊತ್ತು ರಾಟೆಗೆ. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿಯನ್ನು ಬಳಿದು, ಬೀದಿಯುದ್ದಕ್ಕೂ ಬಿಗಿದು, ಕುಂಚದಿಂದ ತೀಡಿ ಒಣಗಿಸುತ್ತಾರೆ. ಹೊಸ ಕಂಬಳಿಯ ಬಿರುಸಿಗೆ ಈ ಗಂಜಿಯೂ ಒಂದು ಕಾರಣ. ಸಂತೆಯಲ್ಲಿ ಪೇಟೆಯ ಗಿರಾಕಿ ಕಂಬಳಿ ಮುಟ್ಟಿ ನೋಡಿ, “ಏನಪ್ಪಾ, ಇಷ್ಟೊಂದು ಒರಟು?” ಎಂದರೆ, ನೇಕಾರನ ಉತ್ತರ ಸಿದ್ಧವಾಗಿರುತ್ತದೆ: “ಎರಡು ಸಲ ನೀರು ಕಾಣಲಿ ಸ್ವಾಮೀ, ಆಮೇಲೆ ನೀವೇ ಬಿಡೋದಿಲ್ಲ!”

ಕೊನೆಗೆ ಕುಣಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತು, ಲಾಳಿಯಾಡಿಸಿ, ಹಾಸಿಗೆ ಹೊಕ್ಕು ಕೊಟ್ಟು ನೇಯುತ್ತಾರೆ. ಎರಡು ಎರಡೂವರೆ ಕಿಲೋ ತೂಗುವ ಒಂದು ಕಂಬಳಿಗೆ ನಾಲ್ಕೈದು ಕುರಿಗಳ ಒಂದು ವರ್ಷದ ಉಣ್ಣೆ ಬೇಕು. ಕತ್ತರಿಸುವವನು, ಹಿಂಜುವವನು, ನೂಲುವವಳು, ಗಂಜಿ ಬಳಿಯುವವರು, ನೇಯುವವನು ಎಂದು ಲೆಕ್ಕ ಹಾಕುತ್ತ ಹೋದರೆ ಒಂದೇ ಕಂಬಳಿಯಲ್ಲಿ ಎಷ್ಟು ಕೈಗಳ ಬೆವರು!

ಒಂಟಿಯಾದರೆ ನಷ್ಟ

ಇಷ್ಟು ದುಡಿಮೆಯ ಪ್ರತಿಫಲ ಯಾರಿಗೆ ಸಲ್ಲುತ್ತಿತ್ತು? ಐವತ್ತು ಕುರಿಗಳ ಒಡೆಯನಲ್ಲಿ ಒಂದು ಸುಗ್ಗಿಗೆ ಒಂದೆರಡು ಮೂಟೆ ಉಣ್ಣೆ ಸಿಕ್ಕೀತು. ಅದನ್ನು ಹೊತ್ತು ದೂರದ ಪೇಟೆಗೆ ಹೋಗುವುದು ದುಬಾರಿ. ಹಟ್ಟಿಗೇ ಬಂದ ವರ್ತಕ ಕರಿಯದನ್ನೂ ಬಿಳಿಯದನ್ನೂ ಒಂದೇ ತಕ್ಕಡಿಗೆ ಹಾಕಿ ಹೇಳಿದ್ದೇ ಬೆಲೆ. ನೇಕಾರನಾದರೋ ಉಣ್ಣೆಯನ್ನು ಸಾಲ ತಂದು, ನೇಯ್ದ ಕಂಬಳಿಯನ್ನು ಸಾಲ ಕೊಟ್ಟವನಿಗೇ ಒಪ್ಪಿಸಬೇಕು. ಸಾಕುವವನಿಗೂ ನೇಯುವವನಿಗೂ ಲಾಭವಿಲ್ಲ. ನಡುವೆ ನಿಂತವನಿಗೆ ಮಾತ್ರ ಉಂಟು.

ಈ ಗಂಟನ್ನು ಬಿಡಿಸಲು ಹುಟ್ಟಿದವೇ ಉಣ್ಣೆ ಉತ್ಪಾದಕರ ಮತ್ತು ಕಂಬಳಿ ನೇಕಾರರ ಸಹಕಾರ ಸಂಘಗಳು. ಸಹಕಾರಕ್ಕೂ ಉಣ್ಣೆಗೂ ಹಳೆಯ ನಂಟು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಸಹಕಾರಿ ಅಂಗಡಿ ತೆರೆದು ಲೋಕಕ್ಕೆ ದಾರಿ ತೋರಿದ 28 ಮಂದಿಯಲ್ಲಿ ಹಲವರು ನೇಕಾರರು. ಆ ಊರು ಉಣ್ಣೆಯ ಫ್ಲಾನೆಲ್ ಬಟ್ಟೆಗೆ ಹೆಸರಾಗಿತ್ತು. ಕನ್ನಡ ನಾಡಿಗಂತೂ ಸಹಕಾರ ಹೊರಗಿನ ಮಾತಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಆರಂಭವಾದ ಸಂಘವು ಭಾರತದ ಸಹಕಾರ ಚಳವಳಿಯ ಮೊದಲ ಹೆಜ್ಜೆಯೆನಿಸಿದೆ.

ಸಂಘದ ಕಾರ್ಯಕ್ರಮ ನೋಡುವುದಕ್ಕೆ ಸರಳ. ಸದಸ್ಯರ ಉಣ್ಣೆಯನ್ನು ಬಣ್ಣ ಮತ್ತು ಎಳೆಯ ಉದ್ದಕ್ಕನುಗುಣವಾಗಿ ವಿಂಗಡಿಸಿ ತೂಗುತ್ತಾರೆ. ಒಳ್ಳೆಯದಕ್ಕೆ ಒಳ್ಳೆಯ ಬೆಲೆ. ನೂಲುವವರಿಗೆ ಉಣ್ಣೆ ಕೊಟ್ಟು ನೂಲು ಪಡೆದು ಕೂಲಿ. ನೇಕಾರರಿಗೆ ನೂಲು ಕೊಟ್ಟು ಕಂಬಳಿ ಪಡೆದು ಮಜೂರಿ. ಮಾರಾಟವಾಗಿ ಉಳಿದ ಲಾಭ ವರ್ಷದ ಕೊನೆಗೆ ಸದಸ್ಯರದೇ. ವರ್ತಕನ ತಕ್ಕಡಿಯ ಮುಂದೆ ತಲೆತಗ್ಗಿಸಿ ನಿಂತಿದ್ದವನು ತನ್ನ ಸಂಘದ ತಕ್ಕಡಿಯ ಮುಂದೆ ಒಡೆಯನಾಗಿ ನಿಲ್ಲುವುದೇ ಇದರ ನಿಜವಾದ ಲಾಭ.

ಆದರೆ ಎಲ್ಲ ಸಂಘಗಳೂ ಒಂದೇ ಬಗೆಯಾಗಿ ನಡೆದವೆನ್ನಲಾಗದು. ಬಂಡವಾಳ ಸಾಲದಿರುವುದು, ಉಗ್ರಾಣದಲ್ಲಿ ಕಂಬಳಿ ಕೊಳೆಯುವುದು, ದೊಡ್ಡ ಬೇಡಿಕೆಯೊಂದಕ್ಕಾಗಿ ವರ್ಷವೆಲ್ಲ ಕಾಯುವುದು, ದುಡಿಯುವವರ ಸಂಘ ನಾಲ್ವರು ಪದಾಧಿಕಾರಿಗಳ ಸಂಘವಾಗುವುದು ಸಹಕಾರದ ಹಳೆಯ ರೋಗಗಳು. ಲೆಕ್ಕ ಎಲ್ಲರಿಗೂ ಕಾಣುವಂತಿದ್ದಲ್ಲಿ ಸಂಘ ಬದುಕುತ್ತದೆ. ಇಲ್ಲದಿದ್ದಲ್ಲಿ ನಾಮಫಲಕ ಮಾತ್ರ ಉಳಿಯುತ್ತದೆ.

ಬೆನ್ನ ಮೇಲಿನ ಉಣ್ಣೆ ಹೊರೆಯಾದಾಗ

ಹೊರಗಿನ ಕಷ್ಟಗಳೂ ಕಡಮೆಯಲ್ಲ. ಹರಿಯಾಣದ ಪಾಣಿಪತ್ತಿನಲ್ಲಿ ಹಳೆಯ ಬಟ್ಟೆಗಳನ್ನು ಚಿಂದಿಮಾಡಿ, ಮರಳಿ ನೂಲು ತೆಗೆದು ನೇಯುವ ಅಗ್ಗದ ಹೊದಿಕೆಗಳು ಮೂಲೆಮೂಲೆಯ ಸಂತೆಯನ್ನೂ ಸೇರಿವೆ. ಒಂದು ಕಾಲಕ್ಕೆ ಉಣ್ಣೆಯ ಹೊದಿಕೆಗಳಿಗೆ ಹೆಸರಾಗಿದ್ದ ಬೆಂಗಳೂರಿನ ಬಿನ್ನಿ ಗಿರಣಿಯೇ ಇಂದು ಇಲ್ಲವೆಂದ ಮೇಲೆ ಕುಣಿಮಗ್ಗದ ಪಾಡೇನು? ಉಣ್ಣೆಯಿಂದ ಬರುವ ಹಣ ಕತ್ತರಿಸುವ ಕೂಲಿಗೂ ಸಾಲದಾದಾಗ, ಸಾಕುವವನು ಮಾಂಸದ ಬೆಲೆಯನ್ನೇ ನೋಡಬೇಕಾಯಿತು. ಮೈಮೇಲೆ ಉಣ್ಣೆಯಿಲ್ಲದೆ ಬರಿಯ ಕೂದಲಿರುವ, ಬೇಗ ಮೈತುಂಬುವ ನೆಲ್ಲೂರು ಮೊದಲಾದ ತಳಿಗಳು ಹಿಂಡನ್ನು ಹೊಕ್ಕವು. ಮಳೆ ಚಳಿಗಳನ್ನು ತಾಳಿಕೊಂಡು ನೂರಾರು ಮೈಲಿ ನಡೆಯಬಲ್ಲ ದಖನಿ ಕುರಿ ಹಿಂದೆ ಸರಿಯಿತು. ಕತ್ತರಿಸಿದ ಉಣ್ಣೆಯನ್ನು ಬೇಲಿಯ ಬುಡಕ್ಕೆ ಎಸೆದು ಹೋಗುವ ದೃಶ್ಯವೂ ಅಪರೂಪವಾಗಿ ಉಳಿಯಲಿಲ್ಲ.

ಇದರೊಡನೆ ಹುಲ್ಲುಗಾವಲಿನ ಚಿಂತೆ. ಮೈಸೂರು ಅರಸರ ಕಾಲದಿಂದ ದನಕರುಗಳಿಗೆಂದು ಮೀಸಲಾಗಿದ್ದ ಚಳ್ಳಕೆರೆಯ ಅಮೃತಮಹಲ್ ಕಾವಲು ಸುತ್ತಲ ಹಳ್ಳಿಗಳ ಕುರಿಗಳಿಗೂ ಆಸರೆಯಾಗಿತ್ತು. 2007ರಿಂದ 2010ರ ನಡುವೆ ಅದರಲ್ಲಿ ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಿಗೆ ಹೋಯಿತು. ದೇಶಕ್ಕೆ ವಿಜ್ಞಾನ ಬೇಕು, ಸರಿಯೆ. ಆದರೆ ಎದ್ದ ಗೋಡೆಯ ಇತ್ತ ಕಡೆ ನಿಂತ ಕುರಿಗಾಹಿಯ ಪ್ರಶ್ನೆಯೂ ಸಣ್ಣದಲ್ಲ. ಹಳ್ಳಿಗರು ಹಸಿರು ನ್ಯಾಯಮಂಡಳಿಯ ಬಾಗಿಲನ್ನೂ ತಟ್ಟಿದರು.

ಮಡಿಕೆಯೊಳಗಿನ ಭರವಸೆ

ಇಷ್ಟಾದರೂ ಲಾಳಿಯ ಸದ್ದು ಅಡಗಿಲ್ಲ. ಕಂಬಳಿಗೆ ಬೆಲೆ ಕಟ್ಟುವುದು ಸಂತೆಯೊಂದೇ ಅಲ್ಲವಷ್ಟೆ. ಮೈಲಾರಲಿಂಗನ ಗೊರವನಿಗೆ ಕರಿಕಂಬಳಿಯೇ ದೀಕ್ಷೆಯ ಉಡುಗೆ. ಮದುವೆಯ ಮನೆಯಲ್ಲಿ, ದೇವರ ಕಾರ್ಯದಲ್ಲಿ, ಹಿರಿಯರ ನ್ಯಾಯಪಂಚಾಯಿತಿಯಲ್ಲಿ ಹಾಸಿದ ಕಂಬಳಿ ಗದ್ದುಗೆಗೆ ಸಮಾನ. ಅದರ ಮೇಲೆ ಕುಳಿತು ಆಡಿದ ಮಾತಿಗೆ ತಪ್ಪುವಂತಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಕೆಲವೆಡೆ ಕುರಿಗಾಹಿಗಳು, ನೂಲುವ ಹೆಂಗಸರು ಮತ್ತು ನೇಕಾರರು ಮತ್ತೆ ಒಂದೇ ಸೂರಿನಡಿ ಸೇರುತ್ತಿದ್ದಾರೆ. ಕಂಬಳಿಯ ಜೊತೆಗೆ ನೆಲಹಾಸು, ಕುಳಿತುಕೊಳ್ಳುವ ಆಸನ, ಕೈಚೀಲ, ಮೆತ್ತನೆಯ ಶಾಲುಗಳನ್ನು ತಯಾರಿಸುತ್ತಿದ್ದಾರೆ. ಬಣ್ಣ ಹಾಕದ ಕುರಿಯ ಸಹಜ ಕಪ್ಪು, ಕಂದುಗಳನ್ನೇ ಮೆಚ್ಚಿ ಕೊಳ್ಳುವವರು ಪಟ್ಟಣಗಳಲ್ಲಿ ಹುಟ್ಟಿಕೊಂಡಿದ್ದಾರೆ. ಉಣ್ಣೆಗೆ ನಾಲ್ಕು ಕಾಸು ಹೆಚ್ಚು ಬಂದರೆ ದಖನಿ ಕುರಿಯನ್ನು ಉಳಿಸಿಕೊಳ್ಳಲು ಸಾಕುವವನಿಗೂ ಕಾರಣ ಸಿಗುತ್ತದೆ. ಕುರಿ ಉಳಿದರೆ ನೂಲು, ನೂಲು ಉಳಿದರೆ ಮಗ್ಗ. ಒಂದು ಎಳೆ ಕಡಿದರೆ ಇಡೀ ಹಾಸೇ ಸಡಿಲವಾಗುವುದು ನೇಕಾರನಿಗೆ ಹೇಳಿಕೊಡಬೇಕಾದ ಮಾತಲ್ಲ.

ಕಂಬಳಿಯಲ್ಲಿ ಬುತ್ತಿ ಕಟ್ಟಿಕೊಂಡು ಕೂದಲು ಬಂತೆಂದು ದೂರಬಾರದೆಂಬುದು ಹಳಬರ ಗಾದೆ. ಮನೆಗೊಂದು ಕಂಬಳಿ ತಂದವರಿಗೂ ಈ ಗಾದೆ ನೆನಪಿರಲಿ. ಮೊದಲ ಚಳಿಗಾಲದಲ್ಲಿ ಅದು ತುಸು ಚುಚ್ಚೀತು. ಬಳಸುತ್ತ ಬಳಸುತ್ತ ಮೆತ್ತಗಾಗಿ, ಮಗನಿಗೂ ಮೊಮ್ಮಗನಿಗೂ ಒದಗೀತು. ಆ ಹೊತ್ತಿಗೆ ಬಯಲುಸೀಮೆಯ ಯಾವುದೋ ಹಟ್ಟಿಯಲ್ಲಿ, ದೀಪದ ಬೆಳಕಿನಲ್ಲಿ ಕುಳಿತ ಒಬ್ಬ ತಾಯಿ ಇನ್ನೊಂದು ಕಂಬಳಿಗೆ ರಾಟೆ ತಿರುಗಿಸುತ್ತಿರುವಂತಾದರೆ, ಆ ಬೆಚ್ಚನೆ ಎರಡು ಮನೆಗಳಿಗೆ ಸೇರಿದಂತೆ.